ಎಲೆಗೆ ಮುಲಾಜಿಲ್ಲ

ಸಿಂಧನೂರು ಸೀಮೆಗೆ ಹೊಸ ವರ್ಷ ಬರುವುದು ಗೊಬ್ಬರದ ಅಂಗಡಿಯಿಂದ. ಡಿಸೆಂಬರ್ ಮುಗಿಯುವ ಹೊತ್ತಿಗೆ ಗಲ್ಲೆಯ ಪಕ್ಕದಲ್ಲಿ ಡೈರಿಗಳ ಅಟ್ಟಿ ಏಳುತ್ತದೆ. ರಟ್ಟಿನ ಮೇಲೆ ಬಂಗಾರದ ಅಕ್ಷರ, ಮೊದಲ ಪುಟದಲ್ಲಿ ಲಕ್ಷ್ಮಿ, ಎರಡನೆಯ ಪುಟದಲ್ಲಿ ಹುಳದ ಎಣ್ಣೆಯ ಜಾಹೀರಾತು, ಆಮೇಲೆ ರಾಹುಕಾಲ, ಗುಳಿಕಕಾಲ, ಸರ್ಕಾರಿ ರಜೆಗಳು. ಉದ್ರಿ ದೊಡ್ಡದಿದ್ದವರಿಗೆ ದೊಡ್ಡ ಡೈರಿ, ರೊಕ್ಕ ಎಣಿಸಿ ಕೊಟ್ಟು ಮಾಲು ಒಯ್ಯುವವರಿಗೆ ಕಿಸೆ ಡೈರಿ ಎಂಬುದು ಎಲ್ಲೂ ಬರೆದಿಡದ ನಿಯಮ. ಸಾಲಗಾರನನ್ನು ಇಷ್ಟು ಗೌರವದಿಂದ ಕಾಣುವ ಇನ್ನೊಂದು ಸಂಪ್ರದಾಯ ನನಗೆ ಗೊತ್ತಿಲ್ಲ.

ನಮ್ಮ ಆರ್.ಎಚ್. ಕ್ಯಾಂಪಿನ ಮನೆಗಳಿಗೂ ಈ ಡೈರಿಗಳು ಬರುತ್ತವೆ. ಕ್ಯಾಂಪು ಎಂದರೆ ಹೊರಗಿನವರು ಡೇರೆ ಹುಡುಕುತ್ತಾರೆ. ಇಲ್ಲಿ ಡೇರೆ ಇಲ್ಲ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ 1970ರ ಆಸುಪಾಸಿನಲ್ಲಿ ಸರ್ಕಾರ ಜಮೀನು ಕೊಟ್ಟು ನೆಲೆ ಮಾಡಿಸಿದ ಪುನರ್ವಸತಿ ಊರುಗಳಿವು. ಹೆಸರಿನ ಬದಲು ನಂಬರು ಹೊತ್ತುಕೊಂಡಿವೆ. ಅಂಗಳದಲ್ಲಿ ತುಳಸಿ, ಹಿತ್ತಿಲಲ್ಲಿ ಮೀನಿನ ಹೊಂಡ, ಮನೆಯೊಳಗೆ ಬಂಗಾಳಿ, ಶಾಲೆಯಲ್ಲಿ ಕನ್ನಡ, ಸಿಂಧನೂರು ಬಜಾರಿನಲ್ಲಿ ಯಾವ ಭಾಷೆಗೆ ರೇಟು ಇಳಿಯುತ್ತದೋ ಆ ಭಾಷೆ. ಮಾಸ್ತರಿಕೆಯ ನೆಪದಲ್ಲಿ ನಾಲ್ಕು ಮನೆ ಹೊಕ್ಕು ಬರುವ ನನಗೆ ಈ ಡೈರಿಗಳನ್ನು ತಿರುವಿ ಹಾಕುವ ಚಟ. ಜನವರಿಯ ಪುಟದಲ್ಲಿ ಜುಲೈ ತಿಂಗಳ ನಾಟಿಯ ಹೆಣ್ಣಾಳುಗಳ ಲೆಕ್ಕ ಕನ್ನಡದಲ್ಲಿರುತ್ತದೆ. ಅದರ ಕೆಳಗೆ ಅಜ್ಜ ಬರೆದ ಮೀನುಮರಿಯ ಲೆಕ್ಕ ಬಂಗಾಳಿಯಲ್ಲಿ. ನಡುವೆ ಮೊಮ್ಮಗಳು ಬಿಡಿಸಿದ ನವಿಲು. ಹಾಲು, ಟ್ರ್ಯಾಕ್ಟರ್ ಬಾಡಿಗೆ, ಸಂಘದ ಕಂತು, ಯಾರದೋ ಮದುವೆಗೆ ಹಾಕಿದ ಮುಯ್ಯಿ, ಎಲ್ಲವೂ ಇವೆ. ಇವತ್ತು ನಾನು ಹೇಗೆ ನಡೆದುಕೊಂಡೆ ಎಂಬ ಒಂದು ಸಾಲು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ಆ ಸಾಲನ್ನು ಬರೆಸಲಿಕ್ಕೆಂದೇ ಈಗ ತರಬೇತಿಗಳಲ್ಲಿ ಬೇರೊಂದು ಬಗೆಯ ಡೈರಿ ಕೊಡುತ್ತಾರೆ. ಪ್ರತಿ ಪುಟದಲ್ಲೂ ಮೂರು ಪ್ರಶ್ನೆ ಅಚ್ಚಾಗಿರುತ್ತದೆ: ಇಂದು ಏನು ಚೆನ್ನಾಗಿ ನಡೆಯಿತು, ಏನು ನಡೆಯಲಿಲ್ಲ, ನಾಳೆ ಏನು ಬದಲಿಸುವಿರಿ? ಪ್ರಶ್ನೆಗಳಲ್ಲಿ ದೋಷವಿಲ್ಲ. ಆದರೆ ಮನುಷ್ಯ ಪ್ರಶ್ನೆಗಿಂತ ಚುರುಕು. ತಿಂಗಳ ಕೊನೆಯ ರಾತ್ರಿ ಒಂದೇ ಪಟ್ಟಿಗೆ ಕೂತು ಬರೆದ ಡೈರಿಯನ್ನು ಗುರುತಿಸಲು ಪತ್ತೇದಾರನಾಗಬೇಕಿಲ್ಲ. ಮೊದಲ ತಾರೀಖಿನಿಂದ ಮೂವತ್ತರವರೆಗೆ ಶಾಯಿ ಒಂದೇ, ಅಕ್ಷರದ ವಾಲಿಕೆ ಒಂದೇ, ಎಲ್ಲೂ ಚಹಾದ ಕಲೆಯಿಲ್ಲ, ಭಾನುವಾರವೂ ಪಾಠ ಪರಿಣಾಮಕಾರಿಯಾಗಿ ನಡೆದಿರುತ್ತದೆ. ‘ಏನು ನಡೆಯಲಿಲ್ಲ’ ಎಂಬಲ್ಲಿ ಎಲ್ಲರೂ ಬರೆಯುವುದು ‘ಸಮಯ ಸಾಲಲಿಲ್ಲ’ ಎಂದು. ತಪ್ಪು ಗಡಿಯಾರದ್ದು, ನಮ್ಮದಲ್ಲ.

ವರ್ಷಕ್ಕೊಮ್ಮೆ ಬರುವ ಸ್ವಮೌಲ್ಯಮಾಪನದ ನಮೂನೆಯೂ ಹೀಗೇ. ಐದರಲ್ಲಿ ಎಷ್ಟು ಅಂಕ ಕೊಟ್ಟುಕೊಳ್ಳುತ್ತೀರಿ ಎಂದು ಕೇಳಿದರೆ ನೌಕರವರ್ಗವಿಡೀ ನಾಲ್ಕಕ್ಕೆ ಗೆರೆ ಎಳೆಯುತ್ತದೆ. ಐದು ಬರೆದರೆ ಸೊಕ್ಕು ಎಂದಾರು, ಮೂರು ಬರೆದರೆ ನಿಜ ಎಂದು ನಂಬಿಯಾರು! ನಾಲ್ಕು ಎಂಬುದು ವಿನಯಕ್ಕೂ ಬಡ್ತಿಗೂ ಒಟ್ಟಿಗೇ ಒದಗುವ ಅಂಕಿ.

ಈ ಕಾಯಿಲೆ ಇಂದಿನದಲ್ಲ. ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಈಗ ನಿಂತಿರುವ ಕಂಬದ ಶಾಸನದಲ್ಲಿ ಅಶೋಕ ಇದನ್ನೇ ಹೇಳುತ್ತಾನೆ. ಮನುಷ್ಯನಿಗೆ ತಾನು ಮಾಡಿದ ಒಳ್ಳೆಯದು ಕಾಣುತ್ತದೆ, ಕೆಟ್ಟದ್ದು ಕಾಣುವುದಿಲ್ಲ, ಅದನ್ನು ಕಾಣುವುದು ಬಲು ಕಷ್ಟ ಎಂಬುದು ಆ ಮಾತಿನ ಸಾರ. ಚಕ್ರವರ್ತಿಯೊಬ್ಬ ಇಂಥ ಮಾತನ್ನು ಕಲ್ಲಿನಲ್ಲಿ ಕೊರೆಸಬೇಕಾದರೆ ಅವನ ಸುತ್ತಲೂ ನಾಲ್ಕಂಕ ಕೊಟ್ಟುಕೊಂಡವರೇ ತುಂಬಿದ್ದರೆಂದು ನನ್ನ ಊಹೆ.

ಅಶೋಕನನ್ನು ಕಾಣಲು ನಾವು ದೆಹಲಿಗೆ ಹೋಗಬೇಕಾಗಿಲ್ಲ. ಸಿಂಧನೂರಿನಿಂದ ಲಿಂಗಸುಗೂರಿನ ಬಸ್ಸು ಹತ್ತಿದರೆ ಮಸ್ಕಿಯಲ್ಲಿ ಇಳಿಯಬಹುದು. ಅಲ್ಲಿನ ಬಂಡೆಯ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಗಣಿ ಎಂಜಿನಿಯರು. ಹಟ್ಟಿಯ ಸೀಮೆಯಲ್ಲವೇ, ಅವನು ಹುಡುಕಿದ್ದು ಚಿನ್ನ. ಸಿಕ್ಕಿದ್ದು, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೊತ್ತ ಶಾಸನ. ಅದುವರೆಗೆ ಸಿಕ್ಕ ಧರ್ಮಶಾಸನಗಳಲ್ಲಿ ಬರೀ ಬಿರುದಿತ್ತು. ಬಿರುದು ಅಶೋಕನದೇ ಎಂಬುದಕ್ಕೆ ಕಲ್ಲಿನ ಸಾಕ್ಷಿ ಹೇಳಿದ್ದು ಮಸ್ಕಿ. ಶಾಲೆಯ ಮಕ್ಕಳಿಗೆ ನಾವು ಹೇಳಿಕೊಡುವುದು ಇಷ್ಟು.

ನನಗೆ ಅದಕ್ಕಿಂತ ಇಷ್ಟವಾಗುವುದು ಆ ಬಂಡೆಯ ಮೇಲಿನ ಲೆಕ್ಕ. ಬುದ್ಧನ ದಾರಿಗೆ ಬಂದು ಎರಡೂವರೆ ವರ್ಷ ದಾಟಿತು, ಸಂಘದ ಹತ್ತಿರ ಹೋಗಿ ಮನಸ್ಸಿಟ್ಟು ತೊಡಗಿ ಒಂದು ವರ್ಷಕ್ಕೆ ಮೇಲಾಯಿತು ಎಂದು ಅರಸ ಹೇಳಿಕೊಳ್ಳುತ್ತಾನೆ. ಎರಡೂವರೆಯಲ್ಲಿ ಒಂದು ಕಳೆಯಿರಿ. ಉಳಿದ ಕಾಲದಲ್ಲಿ ಮಹಾರಾಜರು ಏನು ಮಾಡುತ್ತಿದ್ದರು? ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಇದೇ ಶಾಸನದ ಪಾಠ ಉತ್ತರವನ್ನು ಬಾಯಿಬಿಟ್ಟೇ ಕೊಡುತ್ತದೆ: ಮೊದಲ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ. ಸಮಯ ಸಾಲಲಿಲ್ಲ ಎನ್ನಲಿಲ್ಲ, ಮಂತ್ರಿಗಳು ಸಹಕರಿಸಲಿಲ್ಲ ಎನ್ನಲಿಲ್ಲ. ಅದನ್ನು ಬೀಗ ಹಾಕುವ ಡೈರಿಯಲ್ಲೂ ಬರೆದಿಡಲಿಲ್ಲ. ದಾರಿಹೋಕರೆಲ್ಲ ಓದುವಂತೆ ರಾಜ್ಯದ ಉದ್ದಗಲಕ್ಕೂ ಕೊರೆಸಿಟ್ಟ. ಜೊತೆಗೆ, ಇದು ದೊಡ್ಡವರಿಗಷ್ಟೇ ಸಾಧ್ಯ ಎಂದುಕೊಳ್ಳಬೇಡಿ, ಸಣ್ಣವರಿಗೂ ಎಟುಕುತ್ತದೆ ಎಂದು ಸೇರಿಸಿದ. ನಮ್ಮ ನಮೂನೆಗಳಲ್ಲಿ ಇಂಥ ಒಂದು ವಾಕ್ಯ ಬರೆಯುವ ಎದೆ ಯಾರಿಗಿದೆ? ‘ಕಳೆದ ವರ್ಷ ನಾನು ಅಷ್ಟೇನೂ ಕೆಲಸ ಮಾಡಲಿಲ್ಲ’ ಎಂದು ಬರೆದರೆ ಮೇಲಿನವರು ಕಾರಣ ಕೇಳಿ ನೋಟಿಸು ಕೊಟ್ಟಾರು.

ದಿನದ ಕೊನೆಗೆ ತನ್ನನ್ನು ತಾನು ವಿಚಾರಿಸಿಕೊಳ್ಳುವ ಪದ್ಧತಿಗೆ ಪಶ್ಚಿಮದವರು ದೊಡ್ಡ ಉದಾಹರಣೆಯಾಗಿ ಕೊಡುವುದು ರೋಮಿನ ಸೆನೆಕಾನನ್ನು. ದೀಪ ಒಯ್ದ ಮೇಲೆ, ತನ್ನ ಅಭ್ಯಾಸ ಬಲ್ಲ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಅವನು ಇಡೀ ದಿನವನ್ನು ಎದುರಿಗಿಟ್ಟುಕೊಂಡು ವಿಚಾರಣೆ ಮಾಡುತ್ತಿದ್ದನಂತೆ. ಏನನ್ನೂ ತನ್ನಿಂದ ಮುಚ್ಚಿಟ್ಟುಕೊಳ್ಳುತ್ತಿರಲಿಲ್ಲವಂತೆ. ಓದಲು ಚೆಂದ. ಆದರೆ ಹೆಂಡತಿ ಬಾಯಿ ಮುಚ್ಚಿದ ಮೇಲೆ ವಿಚಾರಣೆ ಶುರುವಾಗುತ್ತದೆ ಎಂಬಲ್ಲಿ ನನಗೊಂದು ಅನುಮಾನ. ಮುಖ್ಯ ಸಾಕ್ಷಿಯನ್ನೇ ಹೊರಗೆ ಕೂಡಿಸಿ ನಡೆಸಿದ ಕೋರ್ಟು ಅದು.

ಲಿಂಗಸುಗೂರು ತಾಲ್ಲೂಕಿನಲ್ಲಿ ಹೀಗೆ ನಡೆಯಲಿಲ್ಲ. ಗುರುಗುಂಟೆಯ ಹತ್ತಿರ ಅಮರೇಶ್ವರವಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಆ ಕಡೆಯವರೆಂದು ಹೇಳುತ್ತಾರೆ. ಇಬ್ಬರ ವಚನಗಳ ಅಂಕಿತದಲ್ಲೂ ಅಮರೇಶ್ವರ ಇದ್ದಾನೆ. ಕಲ್ಯಾಣಕ್ಕೆ ಹೋದ ಮಾರಯ್ಯನ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಶರಣರ ಜೊತೆ ಅನುಭಾವದ ಮಾತಿನಲ್ಲಿ ಮೈಮರೆತಾಗ ಕಾಯಕ ನಿಂತಿದೆ, ಏಳಿ ಎಂದು ಎಬ್ಬಿಸಿದವಳು ಲಕ್ಕಮ್ಮ. ಇನ್ನೊಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬೇರೆ ಮನೆಯಾಗಿದ್ದರೆ ಅಂದು ಪಾಯಸ. ಲಕ್ಕಮ್ಮ ಮಡಿಲಲ್ಲಿದ್ದದ್ದನ್ನು ನೋಡಿ, ಇಷ್ಟು ಅಕ್ಕಿಯ ಆಸೆ ನಿಮಗೇಕೆ ಎಂದು ಕೇಳಿದಳು. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದಳು.

ಭತ್ತದ ನಾಡಿನಲ್ಲಿ ಈ ಕತೆಯನ್ನು ಹೇಳಿದರೆ ಹೆಂಗಸರು ನಗುತ್ತಾರೆ, ಗಂಡಸರು ಕೆಮ್ಮುತ್ತಾರೆ. ಲಕ್ಕಮ್ಮ ಹೇಳಿದ್ದು ವರ್ಷಾಂತ್ಯದ ವರದಿಯಲ್ಲಲ್ಲ, ಹೊಸ್ತಿಲಲ್ಲಿ. ಅಕ್ಕಿ ಇನ್ನೂ ಮಡಿಲಲ್ಲಿದ್ದಾಗ, ಗಡಿಗೆಗೆ ಬೀಳುವ ಮೊದಲು. ನೀವು ಆಸೆಬುರುಕರು ಎಂದು ಮನುಷ್ಯನನ್ನು ಹಳಿಯಲಿಲ್ಲ. ಎದುರಿಗಿದ್ದ ಅಕ್ಕಿಯನ್ನು ತೋರಿಸಿ ಮಾತಾಡಿದಳು. ಇದಕ್ಕಿಂತ ಒಳ್ಳೆಯ ಹಿಮ್ಮಾಹಿತಿಯ ಪಾಠವನ್ನು ಯಾವ ತರಬೇತಿಯಲ್ಲೂ ನಾನು ಕೇಳಿಲ್ಲ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸದ್ಗುಣಗಳ ಒಂದು ಪುಟ್ಟ ಪುಸ್ತಕ ಮಾಡಿಕೊಂಡಿದ್ದ. ವಾರಕ್ಕೊಂದು ಗುಣಕ್ಕೆ ಗಮನ. ತಪ್ಪಿದಾಗ ಆ ದಿನದ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ಹದಿಮೂರು ಗುಣ, ಹದಿಮೂರು ವಾರ, ವರ್ಷಕ್ಕೆ ನಾಲ್ಕು ಸುತ್ತು. ಈಗ ಮೊಬೈಲಿನಲ್ಲಿ ಸಿಗುವ ಅಭ್ಯಾಸದ ಆ್ಯಪುಗಳಿಗೆಲ್ಲ ಅವನೇ ಮೂಲಪುರುಷ. ಆದರೆ ಅವನು ಮೊದಲು ಬರೆದ ಪಟ್ಟಿಯಲ್ಲಿ ಇದ್ದದ್ದು ಹನ್ನೆರಡೇ ಗುಣ. ನಿನ್ನನ್ನು ಜನ ಗರ್ವಿಷ್ಠ ಎನ್ನುತ್ತಾರೆ ಎಂದು ಕ್ವೇಕರ್ ಪಂಥದ ಗೆಳೆಯನೊಬ್ಬ ಮೆಲ್ಲಗೆ ಹೇಳಿ, ಹಲವು ನಿದರ್ಶನ ಕೊಟ್ಟ ಮೇಲೆ ಹದಿಮೂರನೆಯದಾಗಿ ವಿನಯ ಸೇರಿತು. ಕೂತು ಯೋಚಿಸಿದರೆ ಹನ್ನೆರಡು ಹೊಳೆಯುತ್ತವೆ. ಹದಿಮೂರನೆಯದನ್ನು ಇನ್ನೊಬ್ಬರೇ ಹೇಳಬೇಕು. ನಿಜವಾಗಿ ನಮ್ಮನ್ನು ಕಾಡುತ್ತಿರುವುದು ಸಾಮಾನ್ಯವಾಗಿ ಆ ಹದಿಮೂರನೆಯದೇ.

ನನ್ನ ಸಹೋದ್ಯೋಗಿಯೊಬ್ಬರು ಗಣಿತದವರು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಅಂಗೈ ಅಗಲದ ಚೀಟಿ ಕೊಟ್ಟು, ಹೆಸರು ಬರೆಯದೆ ಪಾಠದ ಬಗ್ಗೆ ಏನಾದರೂ ಬರೆಯಿರಿ ಎನ್ನುತ್ತಾರೆ. ಮೊದಮೊದಲು ಬಂದದ್ದೆಲ್ಲ ‘ಸರ್ ತುಂಬಾ ಚೆನ್ನಾಗಿ ಹೇಳುತ್ತಾರೆ’. ಹೆಸರಿಲ್ಲದಿದ್ದರೇನು, ಅಕ್ಷರ ಗೊತ್ತಲ್ಲ ಎಂಬ ಬುದ್ಧಿ ಐದನೇ ಇಯತ್ತೆಗೇ ಬಂದಿರುತ್ತದೆ. ಅವರು ಬಿಡಲಿಲ್ಲ, ಕೊಡುತ್ತಲೇ ಹೋದರು. ಕಡೆಗೊಂದು ಚೀಟಿಯಲ್ಲಿ ಬಂತು: ‘ಸರ್ ಬೋರ್ಡಿಗೆ ಪಾಠ ಹೇಳ್ತಾರ.’ ಸ್ಟಾಫ್ ರೂಮಿನಲ್ಲಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವರು ನಗಲಿಲ್ಲ. ಮತ್ತೆರಡು ವಾರ ಚೀಟಿಗಳನ್ನು ನೋಡಿದರು. ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ ಎಂಬ ಮಾತು ಬೇರೆ ಬೇರೆ ಕೈಯಲ್ಲಿ ಬಂದದ್ದನ್ನು ಕಂಡ ಮೇಲೆ ಬರೆಯುವಾಗ ಬರೆಯುವುದು, ಹೇಳುವಾಗ ತಿರುಗಿ ನಿಂತು ಹೇಳುವುದು ಎಂದು ರೂಢಿ ಬದಲಿಸಿದರು. ಮನೆಯಲ್ಲಿ ಬಂಗಾಳಿ ಆಡುವ ಮಗುವಿಗೆ ಕನ್ನಡದ ಗಣಿತ ಅರ್ಥವಾಗಬೇಕಾದರೆ ಮಾಸ್ತರರ ತುಟಿಯೂ ಕಾಣಬೇಕು. ಇದು ಡೈರಿಯ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಕೂತವರಿಗೆ ಹೊಳೆಯುವ ವಿಷಯವಲ್ಲ. ಬೆನ್ನು ಕಾಣುವುದು ಹಿಂದೆ ಕೂತವರಿಗೇ.

ಅಳತೆ ಎಂಬುದು ನಮ್ಮ ಸೀಮೆಗೆ ಹೊಸದೇನಲ್ಲ. ತುಂಗಭದ್ರಾ ಎಡದಂಡೆ ನಾಲೆಯ 69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ, 104ನೇ ಮೈಲಿನಲ್ಲಿ ಎಷ್ಟಿದೆ ಎಂಬುದನ್ನು ಚಹಾದಂಗಡಿಯಲ್ಲಿ ಕ್ರಿಕೆಟ್ ಸ್ಕೋರಿಗಿಂತ ಮೊದಲು ಕೇಳುತ್ತಾರೆ. ಬಾಯಿಮಾತಿನ ಅಂಕಿ ನಂಬದೆ ಬೈಕ್ ಹತ್ತಿ ಹೋಗಿ ಕಣ್ಣಾರೆ ನೋಡಿ ಬರುವವರೂ ಇದ್ದಾರೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಕೊಚ್ಚಿ ಹೋದಾಗ ಸಣ್ಣ ಮಕ್ಕಳ ಬಾಯಲ್ಲೂ ಕ್ಯೂಸೆಕ್ಕು, ಟಿಎಂಸಿ. ನೀರಿನ ವಿಷಯದಲ್ಲಿ ಇಷ್ಟು ನಿಷ್ಠುರರಾದ ನಾವು ನಮ್ಮ ವಿಷಯದಲ್ಲಿ ಅಂದಾಜಿನ ಮೇಲೆ ಬದುಕುತ್ತೇವೆ.

ಹೀಗಿರುವಾಗ ನನ್ನ ತಿಳಿವಳಿಕೆಗೆ ಒಂದು ಆಕಾರ ಕೊಟ್ಟದ್ದು ಒಂದು ಪ್ಲಾಸ್ಟಿಕ್ ಪಟ್ಟಿ. ಕ್ಯಾಂಪಿನ ಬಂಗಾಳಿ ರೈತರೊಬ್ಬರ ಗದ್ದೆಯಲ್ಲಿ ಅದನ್ನು ನೋಡಿದೆ. ಭತ್ತಕ್ಕೆ ಯೂರಿಯಾ ಯಾವಾಗ ಬೇಕೆಂದು ತಿಳಿಯಲು ಕೃಷಿ ವಿಜ್ಞಾನಿಗಳು ಬಳಕೆಗೆ ತಂದ ಎಲೆ ಬಣ್ಣದ ಪಟ್ಟಿ. ಹಳದಿ ಮಿಶ್ರಿತ ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ಸಾಲಾಗಿ ಬಣ್ಣದ ಮನೆಗಳು, ಮೇಲ್ಮೈಯಲ್ಲಿ ಎಲೆಯ ನರಗಳಂತೆಯೇ ಗೀರುಗಳು. ಅವರು ಬದುವಿನಿಂದ ಗದ್ದೆಗಿಳಿದು, ಸೂರ್ಯನಿಗೆ ಬೆನ್ನು ಮಾಡಿ, ತಮ್ಮ ನೆರಳು ಎಲೆಯ ಮೇಲೆ ಬೀಳುವಂತೆ ನಿಂತರು. ತುದಿಯಲ್ಲಿ ಪೂರ್ತಿ ಬಿಚ್ಚಿಕೊಂಡ ಎಳೆಯ ಎಲೆಯೊಂದನ್ನು ಕೀಳದೆ, ಬಗ್ಗಿಸಿ, ನಡುಭಾಗವನ್ನು ಪಟ್ಟಿಯ ಮೇಲಿಟ್ಟು ಬಣ್ಣ ಕೂಡಿಸಿ ನೋಡಿದರು. ಒಂದನ್ನು ನೋಡಿ ಬಿಡಲಿಲ್ಲ. ಗದ್ದೆಯ ಅಲ್ಲಲ್ಲಿ ಹತ್ತು ಎಲೆ. ಆರು ಅಥವಾ ಹೆಚ್ಚು ಎಲೆ ಗೊತ್ತುಮಾಡಿದ ಬಣ್ಣಕ್ಕಿಂತ ತಿಳಿಯಾಗಿದ್ದರೆ ಗೊಬ್ಬರ. ಇಲ್ಲದಿದ್ದರೆ ಚೀಲದ ಬಾಯಿ ಬಿಚ್ಚುವಂತಿಲ್ಲ. ಮತ್ತೆ ನೋಡುವುದು ವಾರವೋ ಹತ್ತು ದಿನವೋ ಬಿಟ್ಟು, ಅದೇ ಹೊತ್ತಿಗೆ, ಆದಷ್ಟು ಅದೇ ಮನುಷ್ಯ.

“ಪಟ್ಟಿ ಯಾಕ್ರೀ, ನಿಮ್ಮ ಅನುಭವಕ್ಕ ಕಣ್ಣು ಸಾಲೋದಿಲ್ಲೇನು?” ಎಂದೆ.

“ಕಣ್ಣು ನಂದು ಸರ್. ನನಗ ಬೇಕಾದ್ದು ನೋಡ್ತದ. ಎಲಿಗೆ ನನ್ನ ಮುಲಾಜಿಲ್ಲ” ಎಂದರು.

ಬಂಗಾಳಿ ನಾಲಿಗೆಯಲ್ಲಿ ನಮ್ಮ ರಾಯಚೂರು ಮಾತು ಕೇಳುವುದೇ ಒಂದು ಖುಷಿ; ಅದರಲ್ಲೂ ಇಂಥ ಮಾತು. ಅಂದಿನಿಂದ ದಿನಚರಿ, ವಿಮರ್ಶೆ, ಹಿಮ್ಮಾಹಿತಿ ಎಂಬ ಮಾತು ಬಂದಾಗಲೆಲ್ಲ ನಾನು ಈ ಪಟ್ಟಿಯ ನಿಯಮಗಳಿಂದಲೇ ಅದನ್ನು ಅಳೆಯುತ್ತೇನೆ. ಒಂದು ಎಲೆಯ ಮಾತು ಕೇಳಬಾರದು. ಒಬ್ಬ ಹುಡುಗನ ಚೀಟಿಗೆ ಕುಗ್ಗುವುದೂ ಬೇಡ, ಒಬ್ಬ ಹಿತೈಷಿಯ ಹೊಗಳಿಕೆಗೆ ಉಬ್ಬುವುದೂ ಬೇಡ. ಅದೇ ಮಾತು ಹತ್ತು ಕಡೆಯಲ್ಲಿ ಆರು ಕಡೆ ಕೇಳಿಸಿದರೆ ಮಾತ್ರ ಏಳಬೇಕು. ಝಳಝಳಿಸುವ ಬೆಳಕಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ಸನ್ಮಾನದ ದಿನ, ಜಗಳದ ದಿನ ನಮ್ಮ ಬಗ್ಗೆ ನಾವು ತೀರ್ಪು ಕೊಟ್ಟುಕೊಳ್ಳಬಾರದು. ದಿನಾ ಪಟ್ಟಿ ಹಿಡಿದು ಓಡಾಡಿದರೆ ಎಲೆ ಬದಲಾಗುವುದಿಲ್ಲ, ಕಾಲಿಗೆ ಸಿಕ್ಕಿ ಸಸಿ ಸಾಯುತ್ತದೆ. ಬರೆಯುವುದು ದಿನಾ ಆಗಲಿ, ತೂಗುವುದಕ್ಕೆ ವಾರ ಬೇಕು. ಎಲೆಯನ್ನು ಕೀಳದೆ ನೋಡಬೇಕೆಂಬುದಂತೂ ಮಕ್ಕಳ ಮುಂದೆ, ಕೈಕೆಳಗಿನವರ ಮುಂದೆ ಮೌಲ್ಯಮಾಪನ ಎಂದು ಕೂರುವ ಎಲ್ಲರೂ ಗೋಡೆಗೆ ಅಂಟಿಸಿಕೊಳ್ಳಬೇಕಾದ ನಿಯಮ.

ಇನ್ನೂ ಒಂದಿದೆ. ಯೂರಿಯಾ ಹೆಚ್ಚಾದ ಗದ್ದೆ ಕಣ್ಣಿಗೆ ಹಬ್ಬ. ರಸ್ತೆಯಲ್ಲಿ ಹೋಗುವವರೆಲ್ಲ ಬೈಕ್ ನಿಲ್ಲಿಸಿ, ಏನು ಬೆಳೆ ಮಾರಾಯ ಎನ್ನುತ್ತಾರೆ. ಆ ಕಡು ಹಸಿರಿಗೇ ಬೆಂಕಿರೋಗ ಬರುತ್ತದೆ, ಬುಡದಲ್ಲಿ ಕಂದು ಜಿಗಿಹುಳು ಕೂರುತ್ತದೆ, ತೆನೆ ತೂಗುವ ಹೊತ್ತಿಗೆ ಒಂದು ಗಾಳಿಗೆ ಚಾಪೆಯಾಗಿ ಮಲಗುತ್ತದೆ. ಪಟ್ಟಿ ಇರುವುದು ಕೊರತೆ ಹೇಳಲಿಕ್ಕಷ್ಟೇ ಅಲ್ಲ, ಸಾಕು ಎನ್ನಲಿಕ್ಕೂ. ಬೆಳವಣಿಗೆ ಬೆಳವಣಿಗೆ ಎಂದು ಬೆಳಗಿನ ಐದರಿಂದ ಮೊಬೈಲು ಬಡಿದೆಬ್ಬಿಸುವ ಈ ಕಾಲದಲ್ಲಿ, ಈ ವಾರ ನಿನಗೆ ಏನೂ ಹಾಕಬೇಕಿಲ್ಲ, ಸುಮ್ಮನಿರು ಎಂದು ಹೇಳುವ ಸಾಧನವೊಂದು ನಮ್ಮ ಗದ್ದೆಯಲ್ಲಾದರೂ ಇದೆಯಲ್ಲ.

ಹೇಳಿಸಿಕೊಳ್ಳುವ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು. ಅಶೋಕನಿಗೆ ಇದು ಗೊತ್ತಿತ್ತು. ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆಯಲ್ಲೂ ಇರುವ ಅವನ ಆರನೆಯ ದೊಡ್ಡ ಶಾಸನದ ಪ್ರಕಾರ, ಅವನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಜನರ ವಿಷಯ ತರುವ ವರದಿಗಾರರಿಗೆ ತಡೆಯಿರಲಿಲ್ಲ. ನಾವು ಅಷ್ಟು ದೂರ ಹೋಗಬೇಕಿಲ್ಲ. ಊಟದ ಹೊತ್ತಿಗೆ ಬೈಸಿಕೊಂಡರೆ ಜೀರ್ಣವಾಗುವುದಿಲ್ಲ. ಮುಲಾಜಿಲ್ಲದ ಒಬ್ಬರನ್ನು ಗೊತ್ತುಮಾಡಿಕೊಂಡು, ವಾರಕ್ಕೊಮ್ಮೆ ಒಂದೇ ಪ್ರಶ್ನೆ ಕೇಳಿದರೆ ಸಾಕು. ‘ನಾನು ಹೇಗೆ?’ ಎಂದಲ್ಲ. ಹಾಗೆ ಕೇಳಿದರೆ ದೇವರೂ ‘ಛಲೋ ಇದ್ದೀಪಾ’ ಎನ್ನುತ್ತಾನೆ. ‘ಈ ವಾರ ನಾನು ಮಾಡಿದ್ದರಲ್ಲಿ ಯಾವುದನ್ನು ಬಿಟ್ಟರೆ ನಿಮಗೆ ಅನುಕೂಲ?’ ಎಂದು ಕೇಳಬೇಕು. ಉತ್ತರ ಬಂದಾಗ ‘ಹಾಗಲ್ಲ, ಅದೇನಾಯ್ತೆಂದರೆ’ ಎಂದು ಶುರು ಮಾಡಬಾರದು. ಇದು ಹೇಳಲು ಸುಲಭ. ಆ ಎರಡು ಪದ ನುಂಗಿಕೊಳ್ಳಲು ಕಂಠಕ್ಕೆ ಬಹಳ ಸಾಧನೆ ಬೇಕು.

ಗದ್ದೆಯಿಂದ ಬದುವಿಗೆ ಬಂದು ಕಾಲು ತೊಳೆದುಕೊಳ್ಳುತ್ತ ಆ ರೈತರು ಇನ್ನೊಂದು ಮಾತು ಹೇಳಿದರು: “ಪಟ್ಟಿ ಹೇಳೋದು ಹೇಳ್ತದ ಸರ್. ಪಕ್ಕದ ಹೊಲದಾವ ಚೀಲ ಬಿಚ್ಚಿದ ಅಂದ್ರ ಕೈ ತಡಿಯೋದಿಲ್ಲ ನೋಡ್ರಿ.” ಯೂರಿಯಾದ ಚೀಲ ನಲವತ್ತೈದು ಕಿಲೋ, ಅದನ್ನು ಎತ್ತುವುದಕ್ಕಿಂತ ಎತ್ತದೆ ಬಿಡುವುದು ಭಾರ. ಡೈರಿ, ಚೀಟಿ, ಆ್ಯಪು, ಪಟ್ಟಿ ಎಲ್ಲ ನಮ್ಮನ್ನು ಈ ಚೀಲದ ಮುಂದೆ ತಂದು ನಿಲ್ಲಿಸಿ ಕೈತೊಳೆದುಕೊಳ್ಳುತ್ತವೆ.

ಅದಕ್ಕೇ ಅಮರೇಶ್ವರದ ದಂಪತಿಯ ಕತೆ ಬಂದಾಗ ಎಲ್ಲರೂ ಲಕ್ಕಮ್ಮನನ್ನು ಹೊಗಳಿದರೆ ನಾನು ಮಾರಯ್ಯನ ಪಕ್ಷ ವಹಿಸುತ್ತೇನೆ. ದಿನವಿಡೀ ಬಗ್ಗಿ ಆಯ್ದು ನಡು ಹಿಡಿದುಕೊಂಡಿರಬೇಕು, ಹಸಿವಾಗಿರಬೇಕು. ಆದರೂ ಅವನು ವಾದ ಹೂಡಲಿಲ್ಲ, ವಿವರಣೆ ಬರೆಯಲಿಲ್ಲ, ನಾಳೆಯಿಂದ ಸರಿಪಡಿಸಿಕೊಳ್ಳುತ್ತೇನೆ ಎಂದು ಒಂದು ಸಾಲು ನಮೂದಿಸಿ ಕೈಕಾಲು ತೊಳೆಯಲು ಹೋಗಲಿಲ್ಲ. ಅಂದೇ, ಹೊತ್ತು ಮುಳುಗುವುದರೊಳಗೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಹೆಚ್ಚಿನ ಅಕ್ಕಿಯನ್ನು ಸುರಿದು ಬಂದ.